ನಡುಮನೆಯ ಉಪ್ಪುನೀರು

ಕರೆಂಟು ಹೋದಾಗ ಭಾನುಪ್ರಕಾಶ ಕಿಟಕಿಯ ಬೆಳಕಿಗೆ ಮುಖಮಾಡಿ, ಉಪ್ಪಿನಂಶ ಅಳೆಯುವ ಪುಟ್ಟ ಕೊಳವೆಯನ್ನು ಕಣ್ಣಿಗೆ ಹಿಡಿದಿದ್ದ. ಸರಿಯಾಗಿತ್ತು. ಸಮುದ್ರದಲ್ಲಿ ಎಷ್ಟಿರಬೇಕೋ ಅಷ್ಟೇ ಉಪ್ಪು ಬೂದಿಗೆರೆಯ ಈ ನಡುಮನೆಯ ಮೀನಿನ ತೊಟ್ಟಿಯಲ್ಲೂ ಇತ್ತು. ಕ್ಷಣಕಾಲ ನೆಮ್ಮದಿಯಾಯಿತು. ಆಮೇಲೆ ಬೆನ್ನ ಹಿಂದೆ ಗುಂಯ್‌ಗುಡುತ್ತಿದ್ದ ಪಂಪು ನಿಂತಿರುವುದು ಗೊತ್ತಾಯಿತು.

ನಿಂತದ್ದು ಎರಡು ಸದ್ದು. ಇನ್ನೊಂದು ಅಪ್ಪನ ಕೋಣೆಯ ಆಕ್ಸಿಜನ್ ಮಿಷನ್ನಿನದು. ಅದು ಕೂಡಲೇ ಮತ್ತೆ ಶುರುವಾಯಿತು. ಇನ್ವರ್ಟರಿಗೆ ಸಿಕ್ಕಿಸಿದ್ದು ಅದನ್ನೇ. ಇನ್ವರ್ಟರು ಎರಡನ್ನೂ ಎಳೆಯುವುದಿಲ್ಲ. ಯಾವುದನ್ನು ಸಿಕ್ಕಿಸಬೇಕು ಎಂಬುದನ್ನು ಮನೆಯಲ್ಲಿ ಯಾರೂ ಚರ್ಚಿಸಿರಲಿಲ್ಲ. ಚರ್ಚಿಸುವಂಥದ್ದೇನೂ ಇರಲಿಲ್ಲ.

ತೊಟ್ಟಿಯೊಳಗೆ ಎಲ್ಲವೂ ಇದ್ದಲ್ಲೇ ತಟಸ್ಥವಾಯಿತು. ಹರಿವಿಗೆ ಬಳುಕುತ್ತಿದ್ದ ಹವಳಗಳ ಬೆರಳುಗಳು ಜೋತುಬಿದ್ದವು. ಹಳದಿ ಮೀನು ಕಲ್ಲಿನ ಹಿಂದಿನಿಂದ ಬಂದು ಗಾಜಿನಾಚೆ ಅವನನ್ನು ನೋಡಿತು. ಅಥವಾ ಹಾಗೆಂದು ಅವನಿಗೆ ಅನ್ನಿಸಿತು.

ಅವನು ಹೊಸಕೋಟೆಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಹೇಳುತ್ತಿದ್ದ. ಸಮುದ್ರವನ್ನು ನೋಡಿದ್ದು ಎರಡೇ ಸಲ, ಎರಡು ಸಲವೂ ಕಾಲೇಜು ಹುಡುಗರ ಪ್ರವಾಸದ ಉಸ್ತುವಾರಿಯಾಗಿ, ಯಾರೂ ನೀರಿಗಿಳಿಯದಂತೆ ಕೂಗಾಡುತ್ತ. ಅಮ್ಮ ಕೊರೊನಾದಲ್ಲಿ ತೀರಿಕೊಂಡ ಮರುವರ್ಷ ಈ ತೊಟ್ಟಿ ಬಂತು. ಮೊದಲು ಬರೀ ನೀರು, ಆಮೇಲೆ ಕಲ್ಲು, ಆಮೇಲೆ ಮೀನು, ಕೊನೆಗೆ ಹವಳ. "ಹವಳ ಅಂದ್ರೆ ಉಂಗುರಕ್ಕೆ ಕಟ್ಟಿಸ್ತಾರಲ್ಲ ಅದು ಅಂದ್ಕೊಂಡಿದ್ದೆ. ಇದು ಉಸಿರಾಡ್ತದಾ?" ಎಂದು ಅಪ್ಪ ಕೇಳಿದ್ದರು. "ಆಡುತ್ತೆ" ಎಂದಿದ್ದ. ತೊಟ್ಟಿಯ ಬಗ್ಗೆ ಅವರಿಬ್ಬರ ಮಾತು ಅಷ್ಟೇ ಆಗಿದ್ದು. ಬೇರೆ ವಿಷಯಗಳ ಬಗ್ಗೆ ಅಷ್ಟೂ ಆಗಿರಲಿಲ್ಲ.

ಹೊರಗೆ ಹೋದ. ಪಕ್ಕದ ಮನೆಯ ವೆಂಕಟರಮಣಪ್ಪ ಕಾಂಪೌಂಡಿಗೆ ಒರಗಿ ರಸ್ತೆ ನೋಡುತ್ತಿದ್ದರು. ಅವರ ಮನೆಯ ಹಿಂದೆ ಜನರೇಟರು ಬಡಿದುಕೊಳ್ಳುತ್ತಿತ್ತು.

"ಟಿಪ್ಪರ್‌ನೋನು ಕಂಬಕ್ಕೆ ಗುದ್ದವ್ನೆ ಮೇಷ್ಟ್ರೇ. ಲೇಔಟಿಗೆ ಮಣ್ಣು ಹೊಡೀತಿದ್ದೋನು. ಮೂರು ಕಂಬ ಮಲಗವೆ. ಸಾಯಂಕಾಲ್ದ ಮೇಲೇನೆ ಇನ್ನು."

"ಸಾಯಂಕಾಲವಾ?"

"ಭಾನುವಾರ ಅಲ್ವಾ. ಯಾಕೆ, ಅಪ್ಪಾವ್ರಿಗೆ ತೊಂದ್ರೆ ಆಯ್ತಾ?"

"ಹೂಂ, ಅಪ್ಪನಿಗೆ" ಎಂದ ಭಾನುಪ್ರಕಾಶ. "ನಿಮ್ಮ ಜನರೇಟರಿಂದ ಒಂದು ವೈರು ಎಳೆಯೋಕಾಗುತ್ತಾ ಅಂತ."

"ಅಷ್ಟುದ್ದ ವೈರು ಎಲ್ಲಿ ತರೋಣ ಇವತ್ತು? ಒಂದ್ಕೆಲ್ಸ ಮಾಡಿ. ಅಪ್ಪಾವ್ರನ್ನೇ ಕರ್ಕೊಂಬಂದ್ಬಿಡಿ. ಮಿಷನ್ನು ನಮ್ಮನೇಲೇ ಹಾಕೋಣ. ಹಾಲಲ್ಲಿ ದಿವಾನ್ ಕಾಟ್ ಖಾಲಿ ಐತೆ. ಟೀವಿ ನೋಡ್ಕೊಂಡು ಮಲಗ್ಲಿ."

ಭಾನುಪ್ರಕಾಶನ ಎದೆ ಹಗುರಾಯಿತು. ಎಷ್ಟು ಸರಳ! ಅಪ್ಪ ಪಕ್ಕದ ಮನೆಯಲ್ಲಿ, ಇನ್ವರ್ಟರು ತೊಟ್ಟಿಗೆ. ಯಾರಿಗೂ ಅನ್ಯಾಯವಾಗುವುದಿಲ್ಲ. ಮನೆಗೆ ತಿರುಗುವಾಗ ತನ್ನ ನಡಿಗೆ ಚುರುಕಾಗಿದ್ದುದನ್ನು ಅವನೇ ಗಮನಿಸಿದ. ಗಮನಿಸಿ ನಿಧಾನ ಮಾಡಿದ.

ಅಪ್ಪ ಸಂಜೀವಪ್ಪ ತಮ್ಮ ಕೋಣೆಯ ಹೊಸ್ತಿಲ ಬಳಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಮೂಗಿನ ಕೊಳವೆ ಎಟುಕುತ್ತಿದ್ದುದು ಅಲ್ಲಿಯವರೆಗೆ ಮಾತ್ರ. ಅದಕ್ಕಿಂತ ಮುಂದಿನ ಮನೆಯನ್ನು ಅವರು ನೋಡುತ್ತಿದ್ದರು, ಅಷ್ಟೇ. ತೊಟ್ಟಿ ಇದ್ದುದು ಸರಿಯಾಗಿ ಅವರ ಎದುರಿಗೆ.

"ವೆಂಕಟರಮಣಪ್ಪನೋರು ಕರೀತಾ ಇದಾರೆ" ಎಂದ ಭಾನುಪ್ರಕಾಶ. "ಸಂಜೆವರೆಗೂ ಅಲ್ಲೇ ಇರಬಹುದಂತೆ. ಮಿಷನ್ ನಾನು ತಂದ್ಕೊಡ್ತೀನಿ."

"ಇಲ್ಲಿ ಓಡ್ತಾ ಐತಲ್ಲ."

"ಬ್ಯಾಟರಿ ಹಳೇದು. ಮಧ್ಯದಲ್ಲಿ ಕೈ ಕೊಟ್ರೆ?"

"ಸಿಲಿಂಡರ್ ಇಲ್ವಾ, ಸಣ್ಣದು?"

ಸಿಲಿಂಡರ್ ಇತ್ತು, ಕಪಾಟಿನ ಪಕ್ಕದಲ್ಲಿ. ಖಾಲಿಯಾಗಿ ಎಷ್ಟು ದಿನವಾಗಿತ್ತೋ ಅವನಿಗೆ ನೆನಪಿರಲಿಲ್ಲ. ತೊಟ್ಟಿಯ ಉಪ್ಪು ತೀರುವ ಮೊದಲೇ ಹೊಸ ಡಬ್ಬ ಬಂದಿರುತ್ತಿತ್ತು. ಇದೊಂದು ಹೇಗೋ ತಲೆಯಿಂದ ಜಾರಿತ್ತು.

"ತುಂಬಿಸ್ಬೇಕು" ಎಂದ.

ಸಂಜೀವಪ್ಪನ ಮೂಗಿನೊಳಗೆ ಗಾಳಿ ಸುಯ್ಯೆನ್ನುತ್ತಿತ್ತು. ಅವರ ಕಣ್ಣು ಮಗನನ್ನು ದಾಟಿ ತೊಟ್ಟಿಯ ಮೇಲೆ ನಿಂತಿತು. ಅಲ್ಲಿ ಮೀನುಗಳು ಮೇಲಕ್ಕೆ ಬಂದು, ನೀರಿನ ಅಂಚಿಗೆ ಬಾಯಿ ಹಚ್ಚಿ ನಿಂತಿದ್ದವು.

"ಅವಕ್ಕೂ ಮಿಷನ್ನು ನಿಂತದಾ?"

"ಹೂಂ."

"ಎಷ್ಟೊತ್ತು ತಡೀತವೆ?"

"ಗೊತ್ತಿಲ್ಲ. ಸೆಕೆ ಬೇರೆ."

"ಅದಕ್ಕೇ ನನ್ನ ಆಚೆಮನೆಗೆ ಕಳಿಸ್ತಿದೀಯ."

ಅದು ಪ್ರಶ್ನೆಯಾಗಿರಲಿಲ್ಲವಾದ್ದರಿಂದ ಅವನು ಉತ್ತರಿಸಲಿಲ್ಲ. ಉತ್ತರಿಸದಿರಲು ಕಾರಣ ಸಿಕ್ಕಿದ್ದಕ್ಕೆ ಕೃತಜ್ಞನಾದ.

"ನಾನು ಯಾರ ಮನೆಗೂ ಹೋಗಲ್ಲ ಕಣಪ್ಪ" ಎಂದರು ಸಂಜೀವಪ್ಪ. ಸಿಟ್ಟಿರಲಿಲ್ಲ ದನಿಯಲ್ಲಿ. "ಇನ್ನೊಬ್ಬರ ಹಾಲಲ್ಲಿ ಮೂಗಿಗೆ ಪೈಪ್ ಹಾಕ್ಕೊಂಡು ಕೂತ್ಕೊಳೋದು ನಂಗಾಗಲ್ಲ."

ಭಾನುಪ್ರಕಾಶ ಫ್ರಿಜ್ಜಿನಿಂದ ಐಸಿನ ಬಾಟಲಿಗಳನ್ನು ತಂದು ತೊಟ್ಟಿಯಲ್ಲಿ ತೇಲಿಬಿಟ್ಟ. ಚೊಂಬಿನಲ್ಲಿ ನೀರು ಮೊಗೆದು ಎತ್ತರದಿಂದ ಸುರಿದ. ಗುಳ್ಳೆಗಳೆದ್ದವು. ಮೊಗೆದ, ಸುರಿದ. ಹಾಗೆ ಮಾಡುವಾಗ ಅಪ್ಪನ ಮಿಷನ್ನಿನ ಸದ್ದು ಕಿವಿಗೆ ಬೀಳುತ್ತಲೇ ಇತ್ತು. ಎಳೆಯುವುದು, ಬಿಡುವುದು. ಆ ಸದ್ದು ಎಂದೂ ಇಷ್ಟು ಜೋರಾಗಿ ಕೇಳಿರಲಿಲ್ಲ. ಇಡೀ ಮನೆಯ ಕರೆಂಟನ್ನು ಅದೊಂದೇ ಕುಡಿಯುತ್ತಿದೆ ಎಂಬ ಭಾವ ಬಂತು. ಬಂದದ್ದನ್ನು ಅವನು ಕೂಡಲೇ ಒರೆಸಿಹಾಕಲಿಲ್ಲ. ಒಂದಿಷ್ಟು ಹೊತ್ತು ಅದು ಮನಸ್ಸಿನಲ್ಲಿ ಇರಲಿ ಎಂದು ಬಿಟ್ಟ, ಯಾರೂ ನೋಡುತ್ತಿಲ್ಲವಲ್ಲ ಎಂದು.

ಫೋನು ಬಂತು. ಹೆಂಡತಿ ಪ್ರಮೋದಾ. ಮಗಳನ್ನು ಕರೆದುಕೊಂಡು ತ್ಯಾಮಗೊಂಡ್ಲಿಗೆ ಅಕ್ಕನ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದಳು. ಅಪ್ಪನನ್ನು ನೋಡಿಕೊಳ್ಳಬೇಕು ಎಂದು ಅವನು ಉಳಿದುಕೊಂಡಿದ್ದ.

"ಊಟ ಆಯ್ತಾ ನಿಮ್ದು?"

"ಆಯ್ತು" ಎಂದ. ಆಗಿರಲಿಲ್ಲ.

"ಮಾವ?"

"ಕೂತಿದಾರೆ."

"ಎಲ್ರೂ ನಿಮ್ಮನ್ನೇ ಕೇಳ್ತಾ ಇದಾರೆ. ಏನ್ ಹೇಳೋದು ನಾನು?"

"ಅಪ್ಪನಿಗೆ ಹುಷಾರಿಲ್ಲ ಅಂತ ಹೇಳು."

"ಪ್ರತೀ ಸಲಾನೂ ಅದೇ ಹೇಳ್ತೀನಿ." ಆ ಕಡೆ ಯಾರೋ ನಗುತ್ತಿದ್ದರು, ಪಾತ್ರೆಗಳ ಸದ್ದಿತ್ತು. "ಮೀನು ಚೆನ್ನಾಗಿವೆಯಾ?" ಎಂದು ಕೇಳಿದಳು. ಉತ್ತರಕ್ಕೆ ಕಾಯದೆ ಇಟ್ಟಳು.

ಹಳದಿ ಮೀನು ಮಧ್ಯಾಹ್ನ ಸತ್ತಿತು. ಮೊದಲು ಓರೆಯಾಯಿತು. ಆಮೇಲೆ ಮರಳಿನ ಮೇಲೆ ಮಲಗಿತು, ಒಂದು ಕಣ್ಣು ಮೇಲಕ್ಕಿಟ್ಟುಕೊಂಡು. ಭಾನುಪ್ರಕಾಶ ತನ್ನೊಳಗೆ ಏನಾಗುತ್ತದೆ ಎಂದು ಕಾದ. ಪ್ರಯೋಗಾಲಯದಲ್ಲಿ ಹನಿಹನಿಯಾಗಿ ಆಮ್ಲ ಬಿಡುತ್ತ, ಬಣ್ಣ ತಿರುಗುವುದನ್ನು ಕಾಯುತ್ತಾರಲ್ಲ, ಹಾಗೆ. ಬಣ್ಣ ತಿರುಗಲಿಲ್ಲ. ಆಸ್ಪತ್ರೆಯ ಗೇಟಿನಾಚೆ, ಅಮ್ಮ ಇನ್ನಿಲ್ಲ ಎಂದು ಮುಖವೇ ಕಾಣದ ಪಿಪಿಇ ಉಡುಪಿನವನು ಯಾರೋ ಬಂದು ಹೇಳಿದಾಗಲೂ ಅವನು ಹೀಗೆಯೇ ಕಾದಿದ್ದ. ಹೇಳಿದವನಿಗೇ ಮುಜುಗರವಾಗಿ, "ಸಾರ್, ಕೇಳುಸ್ತಾ?" ಎಂದಿದ್ದ.

"ಒಂದು ಹೋಯ್ತಾ?" ಹೊಸ್ತಿಲಿಂದ ಅಪ್ಪನ ದನಿ.

"ಹೂಂ."

"ನಿಮ್ಮಮ್ಮ ಹುಳ ಸಾಕ್ತಿದ್ಲಲ್ಲ, ನಿಂಗೆ ಗ್ಯಾಪಕ ಐತಾ? ರೇಷ್ಮೆ ಹುಳ."

ನೆನಪಿತ್ತು. ಇದೇ ಜಾಗದಲ್ಲಿದ್ದ ಹಳೆಯ ಹೆಂಚಿನ ಮನೆ. ನಡುಮನೆಯ ತುಂಬ ಬಿದಿರಿನ ತಟ್ಟೆಗಳು. ಸಾವಿರಾರು ಹುಳುಗಳು ಸೊಪ್ಪು ಮೇಯುವ ಸದ್ದು, ಸಣ್ಣಗೆ ಮಳೆ ಹಿಡಿದಂತೆ.

"ನಾಲ್ಕನೇ ಜ್ವರ ಎದ್ದು, ಪೊರೆ ಬಿಟ್ಟು ದಪ್ಪ ಆದ್ಮೇಲೆ ಹುಳಕ್ಕೆ ಜಾಗ ಸಾಲ್ತಿರ್ಲಿಲ್ಲ. ನಾವೆಲ್ಲ ಜಗುಲಿಗೆ. ನಿಂಗೆ ಆಗ ಕೆಮ್ಮು. ಚಳೀಲಿ ಮಗೀನ ಹೊರಗೆ ಮಲಗಿಸ್ತೀಯಲ್ಲೇ ಅಂದೆ. ಹುಳ ಮನೇಲಿದ್ರೆ ಮನುಷ್ಯರು ಹೊರಗೇ ಇರ್ಬೇಕು, ಅವು ಎಷ್ಟು ದಿನ ಬದುಕ್ತವೆ ಪಾಪ, ಅಂದ್ಲು." ಅವರು ಉಸಿರಿಗಾಗಿ ನಿಂತರು. "ಗೂಡು ಕಟ್ಟಿದ್ಮೇಲೆ ಅವಳೇ ತಗೊಂಡೋಗಿ ಮಾರ್ಕೆಟಿಗೆ ಹಾಕ್ತಿದ್ಲು. ಬೇಯ್ಸೋಕೆ."

ನಕ್ಕರು. ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ ಅವರು ಎರಡೂ ಕೈ ಎತ್ತಿ, ಕಿವಿಯ ಹಿಂದಿನಿಂದ ಕೊಳವೆಯನ್ನು ಬಿಡಿಸಿ, ಮೂಗಿನಿಂದ ತೆಗೆದು, ಮಡಿಲಲ್ಲಿಟ್ಟುಕೊಂಡರು.

"ತಗೊ. ಹಾಕ್ಕೊ ಹೋಗು ಅವಕ್ಕೆ."

"ಬೇಡಪ್ಪ."

"ನಾನು ಕೂತಿದ್ರೆ ತಡೀತೀನಿ. ರಾತ್ರಿ ಮಲಗೋವಾಗ ಬೇಕು ಅಂತಾನೆ ಡಾಕ್ಟ್ರು ಹೇಳಿರೋದು."

"ಹಾಗೇನ್ ಹೇಳಿಲ್ಲ ಅವರು."

"ಹಂಗಾದ್ರೆ ಬಿಡು. ನೀನು ಬೆಳಗ್ಗಿಂದ ಈ ಮಿಷನ್ನ ನೋಡ್ತಿರೋ ನೋಟ ನಂಗೆ ತಡಿಯಕ್ಕಾಗ್ತಿಲ್ಲ."

ಭಾನುಪ್ರಕಾಶ ನಿಂತೇ ಇದ್ದ. ಹೇಳಬೇಕಾದ ಮಾತು ಯಾವುದೆಂದು ಅವನಿಗೆ ಗೊತ್ತಿತ್ತು. ಯಾವ ಮಗನಾದರೂ ಹೇಳುವಂಥದು. ಮುಂದೆ ಹೋಗಿ, ಕೊಳವೆಯನ್ನು ಎತ್ತಿ, ಅಪ್ಪನ ಮೂಗಿಗೆ ತಾನೇ ಹಾಕಿ, ಸ್ವಲ್ಪ ಗದರಬೇಕಿತ್ತು. ಅಪ್ಪನೂ ಅದನ್ನೇ ಕಾಯುತ್ತಿರಬಹುದು ಎಂದೂ ಹೊಳೆಯಿತು.

"ಅರ್ಧ ಗಂಟೆ ಅಷ್ಟೇ" ಎಂದ. "ನೀರು ಸ್ವಲ್ಪ ಸುಧಾರಿಸ್ಲಿ. ಮತ್ತೆ ಹಾಕ್ತೀನಿ."

ಸಂಜೀವಪ್ಪನ ಮುಖದಲ್ಲಿ ಏನೂ ಬದಲಾಗಲಿಲ್ಲ. ಗೋಡೆ ಹಿಡಿದುಕೊಂಡು ಎದ್ದರು. ಒಳಗೆ ಹೋಗಿ ಮಂಚದ ಮೇಲೆ, ದಿಂಬುಗಳಿಗೆ ಒರಗಿ ಕೂತರು. "ಬಾಗ್ಲು ಮುಂದಕ್ಕೆ ಮಾಡು. ಬೆಳಕು ಕಣ್ಣಿಗೆ ಹೊಡೀತದೆ" ಎಂದರು.

ಅವನು ಮಿಷನ್ನಿನ ಪ್ಲಗ್ಗು ಕಿತ್ತು, ಅಲ್ಲಿಂದ ತೊಟ್ಟಿಗೆ ವೈರು ಎಳೆದು, ಬಾಗಿಲನ್ನು ಮುಂದಕ್ಕೆ ಮಾಡಿದ.

ಪಂಪು ಶುರುವಾಯಿತು. ನೀರು ಅಲುಗಿತು. ಹವಳದ ಬೆರಳುಗಳಿಗೆ ಮತ್ತೆ ಜೀವ ಬಂದಂತಾಗಿ ಒಂದೇ ಕಡೆಗೆ ಬಾಗಿದವು. ಅವನು ಗಾಜಿಗೆ ಹಣೆ ಹಚ್ಚಿ ನೋಡಿದ. ಇದು ಸಂತೋಷವಿರಬೇಕು ಎಂದುಕೊಂಡ. ಹಾಗೆ ಎಷ್ಟು ಹೊತ್ತು ನಿಂತಿದ್ದನೋ, ಇನ್ವರ್ಟರು ಕುಂಯ್ ಕುಂಯ್ ಎಂದು ಕೂಗತೊಡಗಿತು. ಬೆಳಗಿನಿಂದ ಮಿಷನ್ನು ಎಳೆದು ಎಳೆದು ಬ್ಯಾಟರಿಯಲ್ಲಿ ಏನೂ ಉಳಿದಿರಲಿಲ್ಲ. ಕೂಗು ಉದ್ದವಾಗಿ, ಒಂದೇ ಗೆರೆಯಾಗಿ, ನಿಂತುಹೋಯಿತು. ಪಂಪು ನಿಂತಿತು.

ಈಗ ಎರಡಕ್ಕೂ ಇರಲಿಲ್ಲ.

ಅಪ್ಪನ ಬಾಗಿಲ ಬಳಿ ಹೋಗಿ ನಿಂತ. ಒಳಗಿಂದ ಉಸಿರು ಕೇಳುತ್ತಿತ್ತು, ಗರಗಸ ಎಳೆದಂತೆ. ಈಗಲೂ ಪಕ್ಕದ ಮನೆಗೆ ಓಡಬಹುದಿತ್ತು. ವೆಂಕಟರಮಣಪ್ಪ ಬಂದು ಒಂದು ಕಡೆ ಹಿಡಿದರೆ ಅಪ್ಪನನ್ನು ಕುರ್ಚಿ ಸಮೇತ ಎತ್ತಬಹುದು. ಅವರು ಕೇಳುತ್ತಾರೆ, ಬೆಳಿಗ್ಗೇನೇ ಯಾಕೆ ಕರೆತರಲಿಲ್ಲ ಎಂದು. ಬಂದವರು ನಡುಮನೆ ದಾಟಿಯೇ ಬರಬೇಕು. ಇನ್ವರ್ಟರಿನ ವೈರು ಕೋಣೆಯಿಂದ ಹೊರಟು ಎಲ್ಲಿಗೆ ಹೋಗಿದೆ ಎಂಬುದು ಯಾರ ಕಣ್ಣಿಗಾದರೂ ಬೀಳುವಂತಿತ್ತು.

"ಅಪ್ಪಾ?"

"ಹೂಂ."

"ಹೇಗಿದೆ?"

"ಐತೆ."

"ಕರೆಂಟು ಇನ್ನೇನು ಬರುತ್ತೆ."

ಅವನು ಬಾಗಿಲನ್ನು ತಳ್ಳಲಿಲ್ಲ. ವೈರನ್ನು ಕಿತ್ತು ಸುತ್ತಿಟ್ಟ. ಆಮೇಲೆ ಮತ್ತೆ ತೊಟ್ಟಿಗೆ ಬಂದ, ಅಲ್ಲಾದರೂ ಮಾಡುವುದಕ್ಕೆ ಏನೋ ಒಂದು ಇತ್ತು. ಚೊಂಬು ಎತ್ತಲು ರಟ್ಟೆ ಸೋತಿತ್ತು. ಅಂಗಿಯ ತೋಳು ಮಡಿಸಿ, ಕೈಯನ್ನೇ ನೀರಿಗಿಳಿಸಿ ತಿರುಗಿಸತೊಡಗಿದ. ನೀರು ಬೆಚ್ಚಗಿತ್ತು, ಯಾರೋ ಬಾಯಲ್ಲಿಟ್ಟು ಉಗಿದಂತೆ. ಉಪ್ಪಿಗೆ ಬೆರಳ ಸಂದಿಯ ಗೀರುಗಳು ಉರಿದವು. ಆಮೇಲೆ ಉರಿ ಹೋಯಿತು. ಆಮೇಲೆ ಬೆರಳೂ ಹೋದವು. ನೋಡಿದರೆ ಅಲ್ಲೇ ಇದ್ದವು, ಬಿಳಿಚಿ, ಸುಕ್ಕುಗಟ್ಟಿ, ಬೇರೆ ಯಾರದೋ ಎಂಬಂತೆ.

ಬೀದಿಯಲ್ಲಿ ಸಂಜೆಯಾಗುತ್ತಿತ್ತು. ಮಣ್ಣಿನ ಟಿಪ್ಪರುಗಳು ಬೇರೆ ದಾರಿ ಹುಡುಕಿಕೊಂಡು ಮತ್ತೆ ಓಡಾಡತೊಡಗಿದ್ದವು. ಒಂದೊಂದು ಹಾದುಹೋದಾಗಲೂ ತೊಟ್ಟಿಯ ನೀರು ತಾನಾಗಿ ನಡುಗುತ್ತಿತ್ತು. ಫೋನು ಎಲ್ಲೋ ಹೊಡೆದುಕೊಂಡು ನಿಂತಿತು.

"ಭಾನೂ."

ದನಿ ಸಣ್ಣದಾಗಿತ್ತು. ಕರೆದದ್ದೋ ಕೆಮ್ಮಿನ ಕೊನೆಯೋ ತಿಳಿಯುವಂತಿರಲಿಲ್ಲ.

"ಬಂದೆ" ಎಂದ ಭಾನುಪ್ರಕಾಶ.

ಆಗಲೇ ಅದು ಆಯಿತು. ತೊಟ್ಟಿಯಲ್ಲಿದ್ದ ಕಿತ್ತಳೆ ಬಣ್ಣದ ಜೋಡಿ ಮೀನುಗಳಲ್ಲಿ ಒಂದು ಕಲ್ಲಿನ ಸಂದಿಯಿಂದ ಹೊರಬಂದಿತು. ಅದು ವಾಸವಿದ್ದ ಹವಳ ಉಸಿರು ಕಟ್ಟಿ ತನ್ನೊಳಗೇ ಮುದುಡಿಕೊಂಡು, ಬರೀ ಬಿಳಿಯ ಎಲುಬಿನಂತಾಗಿತ್ತು. ಮೀನು ಅದನ್ನು ಸುತ್ತಿ ನೋಡಿತು, ಮೂತಿಯಿಂದ ತಟ್ಟಿತು, ಜಾಗ ಸಿಗಲಿಲ್ಲ. ಆಮೇಲೆ ತೇಲಿಕೊಂಡು ಬಂದು ಅವನ ಬೆರಳುಗಳ ನಡುವೆ ನುಸುಳಿತು. ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಮೈ ಉಜ್ಜಿತು. ಹಾಸಿಗೆ ಹದಮಾಡಿಕೊಳ್ಳುವಂತೆ ಹೊರಳಿ, ಅಂಗೈಯ ಗುಳಿಯಲ್ಲಿ ಕೂತಿತು.

ಅವನು ತಿರುಗಿಸುವುದನ್ನು ನಿಲ್ಲಿಸಿದ. ಕೈ ಅಲುಗಿದರೆ ಅದು ಹೋಗಿಬಿಡುತ್ತದೆ. ಅಂಗೈಯಲ್ಲಿ ಮೀನು ಇರುವುದು ಕಣ್ಣಿಗೆ ಕಾಣುತ್ತಿತ್ತು. ಚರ್ಮಕ್ಕೆ ಏನೂ ತಿಳಿಯುತ್ತಿರಲಿಲ್ಲ. ಅದರ ಕಿವಿರು ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಕೋಣೆಯ ಕಡೆಯಿಂದ ಗರಗಸದ ಸದ್ದು ಕೇಳುತ್ತಿದೆಯೇ ಎಂದು ಕಿವಿಗೊಟ್ಟ. ಟಿಪ್ಪರೊಂದು ಹಾದುಹೋಗುತ್ತಿತ್ತು. ಅದು ಹೋದ ಮೇಲೂ ಏನೂ ಕೇಳಲಿಲ್ಲ.

"ಬಂದೆ" ಎಂದ ಇನ್ನೊಮ್ಮೆ, ಯಾರೂ ಕರೆದಿರಲಿಲ್ಲ.

ಕತ್ತಲಾಗುತ್ತಿದ್ದ ನೀರಿನಲ್ಲಿ, ಮರಗಟ್ಟಿದ ಬಿಳಿ ಬೆರಳುಗಳನ್ನು ಮನೆಯೆಂದು ನಂಬಿ, ಮೀನು ಇನ್ನಷ್ಟು ಒಳಕ್ಕೆ ಸರಿಯಿತು.