ಜಲಫಿರಂಗಿಗೆ ಬಕೆಟ್ಟು ಹಿಡಿದವರು

ನಲ್ಲಿಯಲ್ಲಿ ನೀರು ಬಾರದೆ ವಾರಗಳೇ ಕಳೆದಿದ್ದವು. ನೀರು ಕೊಡಿ ಎಂದು ಬೀದಿಗಿಳಿದ ಜನರನ್ನು ಚದುರಿಸಲು ಸರ್ಕಾರ ಕಳಿಸಿದ್ದೇನು ಗೊತ್ತೇ? ನೀರು! ಟ್ಯಾಂಕಿನ ತುಂಬ ತಿಳಿನೀರು. ಅದನ್ನು ಜನರ ಮೈಮೇಲೆ ರಭಸದಿಂದ ಚಿಮ್ಮಿಸುವ ಜಲಫಿರಂಗಿಯ ಮೂತಿ ಹಿಡಿದು ಗಾಡಿಯ ಮೇಲೆ ಕೂತಿದ್ದ ಪೊಲೀಸಪ್ಪ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡ. ಗುಂಪಿನ ಮುಂದೆ ತೋಳೇರಿಸಿ ನಿಂತಿದ್ದವಳು ಅವನ ಹೆತ್ತಮ್ಮ.

“ಹೊಡಿ!” ಸಾಹೇಬ ಅಬ್ಬರಿಸಿದ.

ಹೊಡೆದರೆ ಅಮ್ಮ ಬಿದ್ದಾಳು, ಹೊಡೆಯದಿದ್ದರೆ ಕೆಲಸ ಹೋದೀತು. ಪೊಲೀಸಪ್ಪ ಹಲ್ಲು ಕಚ್ಚಿಕೊಂಡು, ರಭಸ ತಗ್ಗಿಸಿ, ಮೂತಿಯನ್ನು ಆಕಾಶಕ್ಕೆತ್ತಿ ಬಿಟ್ಟ. ನೀರು ಧೋ ಎಂದು ಸುರಿಯಿತು. ಜನ ಓಡಲಿಲ್ಲ. ಕೊಡೆಗಳು ಪಟಪಟ ಬಿಚ್ಚಿಕೊಂಡವು, ಬಿಚ್ಚಿದ್ದೇ ತಡ ತಲೆಕೆಳಗಾದವು! ಫಲಕಗಳ ಹಿಂದಿನಿಂದ ಬಕೆಟ್ಟು, ಪಾತ್ರೆ, ಮಗುವಿನ ಸ್ನಾನದ ಟಬ್ಬು ಎಲ್ಲ ಹೊರಬಂದವು.

“ಲೋ ಮಗಾ, ಈ ಕಡೆ ತಿರುಗ್ಸೋ! ಪಕ್ಕದ್ಮನೆಯವಳದ್ದು ಆಗ್ಲೇ ತುಂಬ್ತು!” ಎಂದು ಅಮ್ಮ ಕೂಗಿದಳು.

“ಯಾರೋ ಅವಳು?” ಎಂದ ಸಾಹೇಬ.

“ಭಾರೀ ಡೇಂಜರ್ ಹೆಂಗಸು ಸಾರ್,” ಎನ್ನುತ್ತಾ ಮಗ ಮೂತಿ ತಿರುಗಿಸಿದ. ಅದಂತೂ ಸುಳ್ಳಲ್ಲ.

ನೀರು ಸಣ್ಣಗಾದ ಕೂಡಲೇ ಜನ “ಸರ್ಕಾರಕ್ಕೆ ಧಿಕ್ಕಾರ!” ಎಂದು ಗಂಟಲು ಹರಿಯುವಂತೆ ಕೂಗುವರು. ಸಾಹೇಬ ರೇಗಿ “ಇನ್ನೂ ಬಿಡು!” ಎನ್ನುವನು. ಬೈದಷ್ಟೂ ನೀರು! ಸರ್ಕಾರ ಇಷ್ಟು ಚುರುಕಾಗಿ ಜನರ ಮಾತಿಗೆ ಓಗೊಟ್ಟದ್ದನ್ನು ಆ ಬೀದಿ ಎಂದೂ ಕಂಡಿರಲಿಲ್ಲ. ಟ್ಯಾಂಕು ಬರಿದಾದ ಮೇಲಷ್ಟೇ ಸಾಹೇಬನಿಗೆ ವಿಷಯ ಹೊಳೆಯಿತು. ಕೆಂಡಾಮಂಡಲವಾದ. ಸರ್ಕಾರಿ ನೀರು ಕದ್ದ ಆರೋಪ ಹೊರಿಸಿ, ಅಮ್ಮನನ್ನೂ ಸಾಕ್ಷ್ಯವೆಂದು ಅವಳ ತುಂಬಿದ ಬಕೆಟ್ಟನ್ನೂ ಜೀಪಿಗೆ ಹಾಕಿಕೊಂಡು ಠಾಣೆಗೆ ಒಯ್ದ. ಅಲ್ಲಿ ಒಳಹೋದವರು ಹೊರಬರುವಾಗ ಗುರುತೇ ಸಿಗುತ್ತಿರಲಿಲ್ಲ.

ಗಾಡಿಯನ್ನು ಶೆಡ್ಡಿಗೆ ಬಿಟ್ಟವನೇ ಮಗ ಎದ್ದೆನೋ ಬಿದ್ದೆನೋ ಎಂದು ಠಾಣೆಗೆ ಓಡಿದ. ಕೆಲಸ ಹಾಳಾಗಿ ಹೋಗಲಿ, ಅವಳು ನನ್ನಮ್ಮ ಎಂದು ಹೇಳಿಯೇ ಬಿಡುವುದೆಂದು ನಿರ್ಧರಿಸಿದ್ದ. ನೋಡಿದರೆ ಬಾಗಿಲಲ್ಲೇ ಅಮ್ಮ, ಕೈಯಲ್ಲಿ ಖಾಲಿ ಬಕೆಟ್ಟು!

“ಬಿಟ್ಬಿಟ್ರಾ ಅಮ್ಮಾ?”

“ಸಾಕ್ಷಿ ಇಲ್ವಂತೆ ಕಣೋ. ಠಾಣೆ ನಲ್ಲೀಲೂ ನೀರಿಲ್ಲ. ಎಲ್ರೂ ಲೋಟ ಲೋಟ ಬಗ್ಗಿಸ್ಕೊಂಡು ಕುಡಿದ್ಬಿಟ್ರು. ಕೊನೇ ಲೋಟ ನಿಮ್ ಸಾಹೇಬಂದೇ!”

ಮಗನಿಗೆ ಖುಷಿಯಿಂದ ಅಳುವೇ ಬಂತು. ಅಷ್ಟರಲ್ಲಿ ಸಾಹೇಬನೇ ಹೊರಬಂದ. ಪೊಲೀಸಪ್ಪ ಸಲ್ಯೂಟ್ ಹೊಡೆದರೂ ಅತ್ತ ನೋಡಲಿಲ್ಲ. ಆಚೀಚೆ ಕಣ್ಣಾಡಿಸಿ, ದನಿ ತಗ್ಗಿಸಿ ಕೇಳಿದ: “ಅಮ್ಮಾ, ನಾಳೆ ಪ್ರತಿಭಟನೆ ಎಷ್ಟೊತ್ತಿಗೆ? ಮನೇಲಿ ಹೆಂಡ್ತಿ ಕೇಳ್ತಿದಾಳೆ.”

ಅಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಬೆಳಿಗ್ಗೆನೇ ಕಳ್ಸಪ್ಪ. ಆದ್ರೆ ಬಕೆಟ್ ಅವಳೇ ತರ್ಬೇಕು, ಧಿಕ್ಕಾರಾನೂ ಜೋರಾಗಿ ಕೂಗ್ಬೇಕು. ಸುಮ್ನೆ ನಿಂತೋರಿಗೆ ಈ ಸರ್ಕಾರ ಒಂದು ಹನಿ ನೀರೂ ಕೊಡಲ್ಲ.”