ಜಯದೇವಿಯ ಕೈಗೆ ಬಂದ ವರ

ಕಮಲಾಪುರದ ಶಂಕ್ರಮ್ಮನ ಕೈ ತಾಗಿದರೆ ಹಿಡಿದ ಕುತ್ತಿಗೆ ಬಿಡುತ್ತದೆ ಎಂಬುದು ಸುತ್ತ ಹತ್ತು ಹಳ್ಳಿಗೆ ಗೊತ್ತಿತ್ತು. ಆದರೆ ತನ್ನ ಬೆನ್ನು ತನಗೆ ಕಾಣದಂತೆ, ತನ್ನ ಕುತ್ತಿಗೆಗೆ ತನ್ನ ಕೈ ಒದಗದು. ಆ ವರ್ಷ ಸುಗ್ಗಿ ಮುಗಿಯುವ ಹೊತ್ತಿಗೆ ಅವಳ ಕುತ್ತಿಗೆಯಲ್ಲೇ ನರ ಸಿಕ್ಕಿಕೊಂಡಿತು. ನೋವು ಬಲಭುಜದಿಂದ ಬೆಂಕಿಯ ಎಳೆಯಾಗಿ ಇಳಿದು ಹೆಬ್ಬೆರಳಲ್ಲಿ ಜುಮ್ಮೆನ್ನುತ್ತಿತ್ತು. ರೊಟ್ಟಿ ಬಡಿಯುವ ಕೈ ನೀರಿನ ಚರಿಗೆಯನ್ನೂ ಹಿಡಿಯದಾಯಿತು. ಹೀಗೇ ಉಳಿದರೆ ಇನ್ನು ಯಾರ ನೋವಿಗೂ ತಾನು ಆಗಲಾರೆನೆಂಬ ಭಯ ಅವಳನ್ನು ತಿನ್ನತೊಡಗಿತು.

ಈ ವಿದ್ಯೆ ಬಲ್ಲವಳು ಇನ್ನೊಬ್ಬಳೇ, ಜಯದೇವಿ. ತಾಯಿಲ್ಲದ ಆ ಹುಡುಗಿಯನ್ನು ಶಂಕ್ರಮ್ಮನೇ ಸಾಕಿ, ಕೈಯ ಮೇಲೆ ಕೈಯಿಟ್ಟು ಕಲಿಸಿ, ಕಲಬುರಗಿಗೆ ಮದುವೆ ಮಾಡಿ ಕೊಟ್ಟಿದ್ದಳು. 'ಯವ್ವಾ', 'ನೀ' ಎಂದೇ ಅವಳೊಡನೆ ಮಾತಾಡುತ್ತಿದ್ದ ಕೂಸು. ಶಂಕ್ರಮ್ಮ ಎತ್ತಿನ ಬಂಡಿ ಹತ್ತಿದಳು.

ಸ್ಟೇಶನ್ ಬಜಾರದ ಜಯದೇವಿಯ ಮನೆಯ ಪಡಸಾಲೆ ತುಂಬ ಜನ. ನಿಜಾಮ ಸರ್ಕಾರದ ಪೊಲೀಸ್ ಅಮೀನರ ಮನೆಯ ಹೆಣ್ಣುಮಕ್ಕಳೂ ಸರದಿ ಕಾಯುತ್ತಿದ್ದರು. ಪಕ್ಕದಲ್ಲಿದ್ದ ಇಮಾಮಬಿ ಎಂಬಾಕೆ ಕೇಳದೆಯೇ ಹೇಳಿದಳು: ಜಯದೇವಿಯ ಕನಸಿನಲ್ಲಿ ಶರಣರೊಬ್ಬರು ಬಂದು ಅಂಗೈ ಮುಟ್ಟಿದರಂತೆ, ಇದು ಯಾರೂ ಕಲಿಸಿದ್ದಲ್ಲವಂತೆ. ಜನ ಕಟ್ಟಿದ ಕತೆಯಿದ್ದೀತು ಎಂದು ಶಂಕ್ರಮ್ಮ ಶಿವನನ್ನು ನೆನೆದಳು.

ಸರದಿ ಬಂತು. ಜಯದೇವಿ ತಲೆಯೆತ್ತಿದಳು. ಅರೆಗಳಿಗೆ ಮುಖ ಬಿಳಿಚಿತು. ಬಾಗಿಲಲ್ಲೇ ಅವಳ ಅತ್ತೆ, ಶಂಕ್ರಮ್ಮನ ಗುರುತು ಹತ್ತಿಯೂ ಹತ್ತದವಳಂತೆ, ಸೊಸೆಯನ್ನೇ ದಿಟ್ಟಿಸುತ್ತ ನಿಂತಿದ್ದಳು.

"ಯಾವೂರ್ರೀ ಅಮ್ಮ ನಿಮ್ದು?" ಎಂದಳು ಜಯದೇವಿ.

ಆ 'ರೀ' ಕುತ್ತಿಗೆಯ ನೋವಿಗಿಂತ ಆಳಕ್ಕಿಳಿಯಿತು. ಹೆತ್ತವ್ವನಂಥವಳಿಗೆ ರೀ ಅನ್ನುವುದುಂಟೇ?

"ಕಮಲಾಪುರ," ಎಂದಳು ಶಂಕ್ರಮ್ಮ.

"ದೂರಿಂದ ಬಂದೀರಿ. ಕುಂದರ್ರಿ. ಉಸಿರು ಬಿಡ್ತಾ ಶಿವಾ ಅನ್ರಿ."

ಎಣ್ಣೆಗೈ ಕುತ್ತಿಗೆಗೆ ಬಂತು. ಬಲಗೈ ತಲೆಯನ್ನು ಹಿಡಿಯಿತು. ಎಡಗೈಯ ನಡುಬೆರಳಿನ ಗೆಣ್ಣು ನೋವಿನ ಮೂಲವನ್ನು ಹುಡುಕಿ ಊರಿತು. ಎಳವೆಯಲ್ಲಿ ಕುಡುಗೋಲಿಗೆ ಎಡ ಹೆಬ್ಬೆರಳ ತುದಿ ಕಳೆದುಕೊಂಡವಳು ಶಂಕ್ರಮ್ಮ, ಅದಕ್ಕೇ ಗೆಣ್ಣಿನಿಂದ ಒತ್ತುತ್ತಿದ್ದಳು. ಹತ್ತೂ ಬೆರಳು ನೆಟ್ಟಗಿದ್ದ ಜಯದೇವಿ ಅದನ್ನೂ ಹಾಗೇ ಕಲಿತಿದ್ದಳು. ಕನಸಿನ ಶರಣರ ಹೆಬ್ಬೆರಳೂ ಮೊಂಡಾಗಿತ್ತೇನೋ.

"ಶಿವಾ" ಎಂದು ಉಸಿರು ಹೊರಬಿದ್ದಾಗ ಜಯದೇವಿ ತಲೆಯನ್ನು ಮೆಲ್ಲಗೆ ಮೇಲಕ್ಕೆ ಸೆಳೆದಳು. ಬಿಗಿದದ್ದು ಸಡಿಲಾಯಿತು. ಭುಜದ ಬೆಂಕಿ ಆರಿತು.

"ನನ್ನ ಕೈ ಹಿಡೀರಿ. ಬಿಗಿ ಬರ್ತದೇನು ನೋಡೂಣು."

ಶಂಕ್ರಮ್ಮ ಹಿಡಿದಳು. ಬಲ ಬಂದಿತ್ತು. ಆದರೂ ಬಿಡದೆ, ಮುಖ ನೋಡುತ್ತ ಇನ್ನಷ್ಟು ಬಿಗಿಯಾಗಿ ಹಿಡಿದಳು. ಒಮ್ಮೆ ಯವ್ವಾ ಅಂದಿದ್ದರೆ ಸಾಕಿತ್ತು, ಪಿಸುಮಾತಾದರೂ ಸರಿ. ಜಯದೇವಿಯ ಕಣ್ಣು ನೆಲಕ್ಕಿಳಿದವು.

"ಬಿಡ್ರಿ," ಎಂದಳು. "ಹಿಂದಿನವರು ಕಾಯ್ಲಾಕತ್ತಾರ."

ಶಂಕ್ರಮ್ಮ ಒಂದೊಂದೇ ಬೆರಳು ಬಿಡಿಸಿದಳು.