ಎಡಕ್ಕೆ ಎಳೆಯುವ ಕಾರು

ನಮ್ಮಮ್ಮ ಆ ಕಾರನ್ನು ಸವತಿ ಎಂದೇ ಕರೆಯುವುದು. ಎರಡೇ ಬಾಗಿಲು, ಎರಡೇ ಸೀಟು, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು, ಮೈಯೆಲ್ಲ ಕೆಂಪು. ಮನೆಯಲ್ಲಿ ಮೂರು ಜನ ಇರುವಾಗ ಎರಡು ಸೀಟಿನ ಸ್ಪೋರ್ಟ್ಸ್ ಕಾರು ತಂದು ನಿಲ್ಲಿಸಿದ ಗಂಡಸಿಗೆ ಏನನ್ನಬೇಕು? "ನನ್ನನ್ನ ಡಿಕ್ಕೀಲಿ ಹಾಕ್ಕೊಂಡು ಹೋಗ್ರೀ" ಎಂದು ಅಮ್ಮ ಅವತ್ತೇ ಅಂದಿದ್ದಳು. ಅಪ್ಪ ಗಡಿಯಾರ ರಿಪೇರಿ ಮಾಡುವವರು. ಹನ್ನೊಂದು ವರ್ಷ ಕೂಡಿಟ್ಟು, ಊರು ಬಿಟ್ಟು ಹೋಗುತ್ತಿದ್ದ ಗಿರಾಕಿಯೊಬ್ಬರಿಂದ ಅದನ್ನು ಕೊಂಡಿದ್ದರು. ವಾರಕ್ಕೊಂದು ದಿನ, ಬೆಳಗ್ಗೆ, ಒಂದು ಸುತ್ತು. ಅವರ ಜೀವನದ ಶೋಕಿ ಎಂದರೆ ಅಷ್ಟೇ.

ಆ ಸುತ್ತು ನಿಂತು ಹದಿನಾರು ವರ್ಷವಾಯಿತು. ಕಾರು ಶೆಡ್ಡಿನಲ್ಲೇ ಇದೆ. ಪ್ರತಿ ಭಾನುವಾರ ನಾನು ಹೋಗಿ ಇಂಜಿನ್ ಚಾಲೂ ಮಾಡಿ, ನಾಲ್ಕು ಅಡಿ ಮುಂದೆ ನಾಲ್ಕು ಅಡಿ ಹಿಂದೆ ಆಡಿಸಿ, ಬಟ್ಟೆ ಹೊದಿಸಿ ಬರುತ್ತೇನೆ. "ನೀನೇ ಓಡಿಸ್ಕೊಳ್ಳೇ, ಊರಿಗೆಲ್ಲ ಡ್ರೈವಿಂಗ್ ಕಲಿಸ್ತೀಯ" ಎಂದು ಅಪ್ಪ ನೂರು ಸಲ ಹೇಳಿದ್ದಾರೆ. ನನಗೆ ಬೇಡ ಅಂದಿದ್ದೇನೆ. ಯಾಕೆ ಬೇಡ ಎಂದು ಅವರು ಕೇಳಿಲ್ಲ, ನನ್ನ ಪುಣ್ಯ.

ಈ ವರ್ಷ ಅಪ್ಪನೇ ಮಾರೋಣ ಎಂದರು. "ಓಡೋಕೆ ಹುಟ್ಟಿದ್ದನ್ನ ಕಟ್ಟಿಹಾಕಿದ್ದು ಸಾಕು." ಹಲ್ಲಿನ ಡಾಕ್ಟರೊಬ್ಬರು ಬಂದು ನೋಡಿ, ಕಣ್ಣಲ್ಲೇ ಅರ್ಧ ಕೊಂಡುಬಿಟ್ಟರು. ಆದರೆ ಜಾಣರು. "ಹಳೇ ಸ್ಪೋರ್ಟ್ಸ್ ಕಾರು ನೋಡಿ, ಬೆಲೆಗಿಂತ ರಿಪೇರಿನೇ ಜಾಸ್ತಿ ಆಗೋದುಂಟು. ತೊಗೊಳ್ಳೋ ಮೊದಲು ನಮ್ಮ ಕಡೆಯವರು ಒಬ್ಬರು ಪರೀಕ್ಷೆ ಮಾಡ್ತಾರೆ, ನಿಮಗೂ ಒಂದು ಕಾಪಿ ಕೊಡ್ತಾರೆ" ಎಂದರು. ಅಪ್ಪ ಸಂಭ್ರಮದಿಂದ "ಬರ್ಲಿ ಬರ್ಲಿ" ಎಂದರು. ನಾನು ಸರಕ್ಕನೆ ಕಾರಿಗೆ ಬಟ್ಟೆ ಹೊದಿಸಿಬಿಟ್ಟೆ.

ಯಾಕೆಂದು ಹೇಳಿಬಿಡುತ್ತೇನೆ. ಇನ್ನು ಮುಚ್ಚಿಟ್ಟು ಯಾರನ್ನು ಉದ್ಧಾರ ಮಾಡಬೇಕಿದೆ?

ಆಗ ನನಗೆ ಇಪ್ಪತ್ಮೂರು. ಲೈಸೆನ್ಸ್ ಕೈಗೆ ಬಂದು ಹದಿನೆಂಟು ದಿನ. ಅಪ್ಪ ಅಮ್ಮ ನಾಲ್ಕು ದಿನ ಚಿಕ್ಕಮ್ಮನ ಮನೆಗೆ ಹೋಗಿದ್ದರು. ಕಾರು ಮುಟ್ಟಬೇಡ ಎಂದು ಅಪ್ಪ ಹೇಳಿರಲಿಲ್ಲ. ಮುಟ್ಟುವುದಿಲ್ಲ ಎಂಬ ನಂಬಿಕೆ. ಮೊದಲ ದಿನವೇ ತೆಗೆದೆ, ತಿರುವಿನಲ್ಲಿ ಮೋರಿಯ ಕಲ್ಲಿಗೆ ಎಡಗಡೆಯ ಮುಂದಿನ ಚಕ್ರವನ್ನು ಬಡಿದೆ. ತಗಡಿನ ಕೆಲಸದವನೊಬ್ಬ ಮೂರು ದಿನ ಬಡಿದು, ಉಜ್ಜಿ, ಬಣ್ಣ ಹೊಡೆದ. "ಹೊರಗಡೆ ಮದುಮಗಳ ಥರ ಮಾಡ್ಕೊಟ್ಟಿದೀನಿ ತಂಗಿ. ಒಳಗೆ ಚಕ್ರ ಹಿಡ್ಕೊಳ್ಳೋ ತೋಳು ಬಗ್ಗಿದೆ. ಆ ಸಾಮಾನು ತರಿಸ್ಬೇಕು, ಎರಡು ತಿಂಗಳಾಗುತ್ತೆ." ಅಪ್ಪ ಬರುವುದು ಮಾರನೆಯ ದಿನ. ಒಳಗಿನದು ಯಾರಿಗೆ ಕಾಣುತ್ತೆ ಬಿಡಿ ಎಂದೆ. ಮೇಲೆ ತಳುಕು, ಒಳಗೆ ಹುಳುಕು ಎನ್ನುತ್ತಾರಲ್ಲ, ಅದು ಕಾರಿಗೂ ಒಪ್ಪುತ್ತಿತ್ತು, ನನಗೂ.

ಅಪ್ಪ ಬಂದ ವಾರ ಒಂದು ಸುತ್ತು ಹೋಗಿ ಬಂದು, "ಎಡಕ್ಕೆ ಎಳೀತಿದೆಯಲ್ಲೇ" ಎಂದರು. "ಗ್ಯಾರೇಜಿಗೆ ಕೊಟ್ಟು ನೋಡಿಸ್ಬೇಕು."

"ನಾನೇ ತೊಗೊಂಡು ಹೋಗ್ತೀನಿ ಅಪ್ಪ" ಎಂದೆ. ಎಷ್ಟು ಒಳ್ಳೆಯ ಮಗಳು! ತೆಗೆದುಕೊಂಡು ಹೋಗಿ, ಊರ ಹೊರಗೆ ಮರದ ಕೆಳಗೆ ಎರಡು ಗಂಟೆ ನಿಲ್ಲಿಸಿ, ಕಡಲೆಕಾಯಿ ತಿಂದು, ವಾಪಸು ಬಂದೆ. ಎಲ್ಲ ಸರಿ ಇದೆಯಂತೆ ಎಂದೆ.

ಅಪ್ಪ ತಮ್ಮ ಎರಡು ಕೈಗಳನ್ನೂ ತಿರುಗಿಸಿ ತಿರುಗಿಸಿ ನೋಡಿಕೊಂಡರು. ಅವರ ಅಪ್ಪನೂ ಗಡಿಯಾರದವರೇ. ಐವತ್ತೆಂಟಕ್ಕೇ ಕೈ ನಡುಗಲು ಶುರುವಾಗಿ ಕೆಲಸ ಬಿಟ್ಟವರು. ಅಪ್ಪನಿಗೆ ಆಗ ಐವತ್ತೇಳು.

"ಹಾಗಾದ್ರೆ ನೀನೇ ಹೇಳು. ಕಾರಿಂದಾ, ಕೈಯದಾ?"

ಅಲ್ಲಿ ಬಾಯಿ ಬಿಡಬಹುದಿತ್ತು. ಒಂದೇ ಮಾತು. ನಾನು ಬಿಟ್ಟಿದ್ದು ಬೇರೆ ಮಾತು. "ಕೈಯದೇ ಇರಬಹುದು ಅಪ್ಪ, ವಯಸ್ಸಾಯ್ತಲ್ಲ."

ತಿಂಗಳೊಳಗೆ ಕಾರು ಎಡಕ್ಕೆ ಸರಿದು ಸೈಕಲ್ಲಿನವನೊಬ್ಬ ಕೂದಲೆಳೆಯಲ್ಲಿ ಪಾರಾದ. ಅಪ್ಪ ಬೆವರಿ ನೀರಾಗಿ ಬಂದು ಕೀಲಿಯನ್ನು ಮೊಳೆಗೆ ತೂಗುಹಾಕಿದರು, ಮತ್ತೆ ಮುಟ್ಟಲಿಲ್ಲ. ಎಂಟು ತಿಂಗಳಿಗೆ ಅಂಗಡಿಯನ್ನೂ ಮುಚ್ಚಿದರು. ಯಾವುದೋ ಗಿರಾಕಿಯ ಗಡಿಯಾರದ ಸ್ಪ್ರಿಂಗು ಒಮ್ಮೆ ಚಿಮಟದಿಂದ ಜಾರಿತಂತೆ. ಜಾರದವರು ಯಾರಿದ್ದಾರೆ? ಆದರೆ ಅಪ್ಪ, "ಕೈ ಮೇಲೆ ನಂಬಿಕೆ ಹೋದ್ಮೇಲೆ ಇನ್ನೊಬ್ಬರ ಗಡಿಯಾರ ಬಿಚ್ಚಬಾರದು" ಎಂದರು. ಅಂದಿನಿಂದ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯತೊಡಗಿದರು. ನಡುಗದ ಕೈ. ನಾನು ಎದುರಿಗೆ ಕೂತು ನೋಡುತ್ತಿದ್ದೆ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎನ್ನುತ್ತ ಹದಿನಾರು ವರ್ಷ ನೋಡಿದೆ.

ಪರೀಕ್ಷೆಗೆ ಬಂದವನು ಸಣಕಲು ಆಸಾಮಿ, ಹಣೆಗೆ ದೀಪ, ಕೊರಳಿಗೆ ಭೂತಗನ್ನಡಿ. ನಾನು ಮನಸ್ಸಿನಲ್ಲೇ ಅವನಿಗೆ ಭೂತಗನ್ನಡಿ ಎಂದು ಹೆಸರಿಟ್ಟೆ. ಅಪ್ಪನಿಗೆ ಕೊರಳಿನ ಗಾಜು ನೋಡಿಯೇ ಅವನ ಮೇಲೆ ಪ್ರೀತಿ ಉಕ್ಕಿತು. ಸ್ಟೂಲು ಹಾಕಿಕೊಂಡು ಶೆಡ್ಡಿನಲ್ಲೇ ಕೂತರು. ಅವನು ಎಣ್ಣೆ ಬೆರಳಿಗೆ ಹಚ್ಚಿ ಮೂಸಿದ. ಕಾಲಡಿಯ ಹಾಸು ಎತ್ತಿ ತುಕ್ಕು ಕೆರೆದ. ಆಮೇಲೆ ಚೀಲದಿಂದ ಸೋಪಿನಷ್ಟು ದೊಡ್ಡ ಮೀಟರೊಂದನ್ನು ತೆಗೆದು ಕಾರಿನ ಮೈಮೇಲೆ ಅಲ್ಲಲ್ಲಿ ಒತ್ತತೊಡಗಿದ.

"ಏನದು?" ಎಂದರು ಅಪ್ಪ.

"ಬಣ್ಣದ ದಪ್ಪ ಅಳೆಯೋದು ಯಜಮಾನ್ರೇ. ಒಂದು ಕಡೆ ಮಾತ್ರ ದಪ್ಪ ಬಂದ್ರೆ ಅಲ್ಲಿ ಪುಟ್ಟಿ ಮೆತ್ತಿದಾರೆ ಅಂತ."

"ಈ ಕಾರಿಗೆ ಒಂದು ಗೀರೂ ಬಿದ್ದಿಲ್ಲ" ಎಂದರು ಅಪ್ಪ ಹೆಮ್ಮೆಯಿಂದ. ನನ್ನ ಕೈ ತಾನಾಗಿ ಸೆರಗಿಗೆ ಹೋಗಿ ಮುಖ ಒರೆಸಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ.

ಮೀಟರು ಎಡಗಡೆಯ ಮುಂದಿನ ಚಕ್ರದ ಮೇಲಿನ ತಗಡಿನಲ್ಲಿ ನಿಂತಿತು. ಅಲ್ಲೇ ಮತ್ತೆ ಒತ್ತಿದ. ಮತ್ತೆ. ಜಾಕು ಏರಿಸಿ ಕೆಳಗೆ ನುಸುಳಿದ, ಬಹಳ ಹೊತ್ತು ಹೊರಬರಲೇ ಇಲ್ಲ. ಅಷ್ಟರಲ್ಲಿ ಅಮ್ಮ ಅಪ್ಪನನ್ನು ಮಾತ್ರೆಗೆ ಒಳಗೆ ಕರೆದಳು. ನಾನು ಕುಕ್ಕರುಗಾಲಲ್ಲಿ ಕೂತು ಕಾರಿನಡಿಗೆ ಬಗ್ಗಿ ಪಿಸುಗುಟ್ಟಿದೆ.

"ನೋಡಿ, ಅದು ನಂಗೊತ್ತು. ನಾನೇ ಗುದ್ದಿದ್ದು. ಅಪ್ಪಂಗೆ ಗೊತ್ತಿಲ್ಲ. ಡಾಕ್ಟರಿಗೆ ನಾನೇ ಫೋನ್ ಮಾಡಿ ಹೇಳ್ತೀನಿ, ಬೆಲೆನೂ ಇಳಿಸ್ತೀನಿ. ಅಪ್ಪನ ಕಾಪಿಯಲ್ಲಿ ಆ ಒಂದು ಸಾಲು ಬಿಟ್ಟುಬಿಡಿ."

ಹಣೆಯ ದೀಪ ನನ್ನ ಕಣ್ಣಿಗೇ ಬಿತ್ತು. "ಈ ಟೈರು ನೋಡಿ ಮೇಡಂ, ಒಳಗಡೆ ಅಂಚು ಮಾತ್ರ ಸವೆದಿದೆ. ಇದನ್ನ ಯಾರು ಓಡಿಸಿದ್ರೂ ಎಡಕ್ಕೇ ಹೋಗ್ತಿತ್ತು. ಟೈರಿಗೆ ಸುಳ್ಳು ಹೇಳೋಕೆ ಬರಲ್ಲ, ನಂಗೂ ಬರಲ್ಲ."

"ನಿಮಗೇನ್ರೀ ಕಷ್ಟ? ಒಂದು ಸಾಲು!" ನನಗೆ ಸಿಟ್ಟು ನೆತ್ತಿಗೇರಿತು. ಸಿಟ್ಟು ಯಾರ ಮೇಲೆ, ತೋರಿಸಿದ್ದು ಯಾರ ಮೇಲೆ!

ಅವನು ಬೇಜಾರು ಮಾಡಿಕೊಳ್ಳಲಿಲ್ಲ. "ಇದ್ದದ್ದು ಇದ್ದ ಹಾಗೆ ಹೇಳಿದ್ರೆ ಎದ್ದು ಬಂದು ಎದೆಗೆ ಒದ್ದರಂತೆ. ನಂಗೆ ಅಭ್ಯಾಸ ಆಗಿದೆ ಬಿಡಿ. ಬರೆದು ಕಳ್ಸೋದು ಐದು ಗಂಟೆಗೆ. ಅಲ್ಲಿವರೆಗೂ ನಾನು ಬಾಯಿ ಬಿಡಲ್ಲ. ನೀವು ಬಿಡಬಹುದು."

ಹನ್ನೆರಡು ಗಂಟೆಗೆ ಅವನು ಹೋದ. ಐದು ಗಂಟೆ ನನ್ನ ಕೈಯಲ್ಲಿತ್ತು. ಊಟಕ್ಕೆ ಕೂತಾಗ ಹೇಳೋಣವೆಂದುಕೊಂಡೆ, ಅಮ್ಮ ಇದ್ದಳು. ಆಮೇಲೆ ಅಪ್ಪ ಮಲಗಿದರು, ಎಬ್ಬಿಸುವುದು ಹೇಗೆ? ಮೂರಕ್ಕೆ ನನಗೆ ಪಾಠವಿತ್ತು. ಅವತ್ತು ಕಲಿಯಲು ಬಂದ ಹೆಂಗಸು ಕಾರನ್ನು ಎಡಕ್ಕೆ ಒಯ್ದಾಗ "ಕೈ ನೋಡ್ಕೊಳ್ಳೀ!" ಎಂದು ಕಿರುಚಿಬಿಟ್ಟೆ. ಪಾಪ, ಅಳುವುದೊಂದು ಬಾಕಿ. ರಸ್ತೆ ಬದಿಗೆ ನಿಲ್ಲಿಸಿ, ತಪ್ಪಾಯಿತು ಎಂದು ಕೇಳಿಕೊಂಡೆ. ಅವಳ ಹತ್ತಿರ ಎಷ್ಟು ಸುಲಭವಾಗಿ ಬಂತು ಆ ಮಾತು.

ಮನೆಗೆ ಬಂದಾಗ ಐದೂಕಾಲು. ವರದಿ ಬಂದುಬಿಟ್ಟಿತ್ತು. ಅಪ್ಪ ಅದನ್ನು ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ ತಂದು, ಕನ್ನಡಕದ ಮೇಲೆ ಗಡಿಯಾರ ನೋಡುವ ತಮ್ಮ ಹಳೆಯ ಗಾಜನ್ನೂ ಒತ್ತಿಕೊಂಡು ಓದುತ್ತಿದ್ದರು. ಈಗಲೇ ಮಾಡಿಸಬೇಕಾದ್ದು, ವರ್ಷದೊಳಗೆ ಮಾಡಿಸಬೇಕಾದ್ದು, ಕಾಯಬಹುದಾದ್ದು ಎಂದು ರಿಪೇರಿ ಖರ್ಚಿನ ಮೂರು ಪಟ್ಟಿ. ಮೊದಲ ಪಟ್ಟಿಯ ಮೊದಲ ಸಾಲೇ ಕಾರಿನ ಬೆಲೆಯ ಕಾಲುಭಾಗ ನುಂಗುತ್ತಿತ್ತು. ಅದರ ಕೆಳಗೆ ಅವನು ಬರೆದಿದ್ದ: ಎಡಗಡೆ ಮುಂದಿನ ಚಕ್ರದ ತೋಳು ಹಳೆಯ ಪೆಟ್ಟಿನಿಂದ ಬಗ್ಗಿದೆ. ಹದಿನೈದು ವರ್ಷಕ್ಕೂ ಹಿಂದಿನದು. ಚಾಲಕ ಯಾರೇ ಆದರೂ ಕಾರು ಎಡಕ್ಕೆ ಎಳೆಯುತ್ತದೆ.

ಅಪ್ಪ ತಲೆ ಎತ್ತಿದರು. ಬೈಗುಳಕ್ಕೆ ಮೈ ಒಡ್ಡಿ ನಿಂತೆ. ಅವರ ಮುಖ ಅರಳಿತ್ತು.

"ಲೇ, ಬಾರೇ ಇಲ್ಲಿ!" ಅಮ್ಮನನ್ನು ಕೂಗಿದರು. "ನನ್ನ ಕೈ ಸರಿ ಇತ್ತು ಕಣೇ! ಕಾರಿಂದು! ಬರೆದಿದಾನೆ ನೋಡು, ಚಾಲಕ ಯಾರೇ ಆದರೂ ಅಂತ!"

"ಸವತಿ ಬುದ್ಧಿ ತೋರಿಸ್ದಳು ಬಿಡ್ರೀ" ಎಂದಳು ಅಮ್ಮ, ಕಣ್ಣು ಒರೆಸಿಕೊಳ್ಳುತ್ತ.

"ನಾನು ಕೊಳ್ಳೋ ಮೊದಲೇ ಪೆಟ್ಟು ಬಿದ್ದಿರ್ಬೇಕು. ಬರ್ತಾ ಬರ್ತಾ ಜಾಸ್ತಿ ಆಗಿದೆ" ಎಂದು ಅಪ್ಪ ಲೆಕ್ಕ ಹಾಕಿದರು. ಆಮೇಲೆ ನನ್ನ ಕಡೆ ತಿರುಗಿ, ಸಮಾಧಾನ ಮಾಡುವ ದನಿಯಲ್ಲಿ, "ನೀನು ಬೇಜಾರು ಮಾಡ್ಕೋಬೇಡ ಮಗಳೇ. ನೀನು ತೋರಿಸ್ಕೊಂಡೇ ಬಂದಿದ್ದೆ. ಆ ಗ್ಯಾರೇಜಿನವನು ದಂಡಪಿಂಡ, ಅವನ ಕಣ್ಣಿಗೆ ಬೀಳ್ಲಿಲ್ಲ. ನಿಂದೇನು ತಪ್ಪು?"

ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ಬಾಯಿ ತೆರೆದೆ. ಅಷ್ಟರಲ್ಲಿ ಅವರು ಬೀರುವಿನತ್ತ ಹೋಗಿಯಾಗಿತ್ತು. ಹಳೆಯ ಸಾಮಾನಿನ ಡಬ್ಬಿ ತೆಗೆದು, ಮೇಜಿನ ಮೇಲೆ ಬಿಳಿ ಕಾಗದ ಹಾಸಿ, ತಮ್ಮದೇ ಕೈಗಡಿಯಾರದ ಬೆನ್ನು ಬಿಚ್ಚಿದರು. ಗಾಜನ್ನು ಕಣ್ಣಿಗೆ ಸಿಕ್ಕಿಸಿಕೊಂಡರು. ಚಿಮಟ ಹಿಡಿದು, ಎಳ್ಳಿನ ಕಾಲುಭಾಗದಷ್ಟಿದ್ದ ತಿರುಪಿಗೆ ಕೈ ಚಾಚಿದರು.

ಚಿಮಟದ ತುದಿ ನಡುಗುತ್ತಿತ್ತು. ತಿರುಪು ಸಿಕ್ಕಲಿಲ್ಲ. ಇನ್ನೊಮ್ಮೆ ಹಿಡಿದರು, ಹಾರಿ ಕಾಗದದ ಅಂಚಿಗೆ ಹೋಯಿತು. ಮೂರನೆಯ ಸಲ ಮುಂಗೈಯನ್ನು ಮೇಜಿಗೆ ಒತ್ತಿ ಹಿಡಿದರು. ಎಪ್ಪತ್ತಮೂರು ವರ್ಷದ ಕೈ, ಹದಿನಾರು ವರ್ಷ ಕೆಲಸ ಕಾಣದ ಕೈ. ಈಗ ನಿಜವಾಗಿಯೂ ಹೋಗಿತ್ತು.

ಅಪ್ಪ ಗಾಜು ತೆಗೆದಿಟ್ಟರು. "ಈಗ ಬಂದಿದೆ" ಎಂದರು ಮೆಲ್ಲಗೆ. "ಆಗ ಇರ್ಲಿಲ್ಲ. ಆಗ ಇನ್ನೂ ಹತ್ತು ವರ್ಷ ಮಾಡಬಹುದಿತ್ತು, ಅಲ್ವಾ?"

"ನಾನು ಗ್ಯಾರೇಜಿಗೆ ಹೋಗೇ ಇಲ್ಲ ಅಪ್ಪ" ಎಂದೆ.

ಉಳಿದದ್ದನ್ನೂ ಹೇಳಿದೆ. ಮೋರಿ, ತಗಡಿನವನು, ಮರದ ಕೆಳಗಿನ ಎರಡು ಗಂಟೆ, ಕಡಲೆಕಾಯಿ ಕೂಡ. ಅಪ್ಪ ಬೈಯಲಿಲ್ಲ. ತಿರುಪನ್ನು ಉಗುರಿನಿಂದ ಕಾಗದದ ನಡುವಿಗೆ ತಳ್ಳಿ, ಕಾಗದ ಮಡಚಿ, ಡಬ್ಬಿಯೊಳಗಿಟ್ಟು ಎದ್ದು ಹೋದರು. ಒಂಬತ್ತು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಬೇಕಾದ್ದನ್ನು ಅಮ್ಮನ ಮೂಲಕ ಹೇಳಿಸಿದರು. ಮೊದಲು ಬಂದ ಸುದ್ದಿ ಇದು: "ಸೊಟ್ಟ ಇಟ್ಕೊಂಡು ಮಾರಲ್ವಂತೆ. ಬೆಲೆ ಇಳಿಸೋದೂ ಬೇಡ್ವಂತೆ. ರಿಪೇರಿ ನೀನೇ ಮಾಡಿಸ್ಬೇಕಂತೆ. ಈ ಸಲ ಗ್ಯಾರೇಜಿಗೆ ಹೋಗ್ಬೇಕಂತೆ."

ಹೋದೆ. ಸಾಮಾನು ಬರುವುದಕ್ಕೆ ಸರಿಯಾಗಿ ಎರಡು ತಿಂಗಳು ಹಿಡಿಯಿತು. ಹದಿನಾರು ವರ್ಷದ ಹಿಂದೆಯೂ ಅಷ್ಟೇ ಹಿಡಿಯುತ್ತಿತ್ತು. ಭೂತಗನ್ನಡಿ ಮತ್ತೆ ಬಂದು ನೋಡಿ, ಸೈ ಎಂದ.

ಡಾಕ್ಟರು ಕಾರು ಒಯ್ಯಲು ಬರುವ ಬೆಳಗ್ಗೆ ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು, ಮೊಳೆಯಿಂದ ಕೀಲಿ ತೆಗೆದು, "ನಿನ್ನ ಡ್ರೈವಿಂಗ್ ಸ್ಕೂಲಿನ ಮೈದಾನಕ್ಕೆ ನಡಿ" ಎಂದರು. ಅಲ್ಲಿಯವರೆಗೆ ನಾನು ಓಡಿಸಿದೆ. ಅಲ್ಲಿ ಇಳಿದು ಜಾಗ ಬದಲಾಯಿಸಿದೆವು. ಅವರ ಲೈಸೆನ್ಸ್ ಸತ್ತು ಯಾವ ಕಾಲವಾಯಿತೋ. ನನ್ನ ಸ್ಕೂಲಿನ ಕಾರಿನಲ್ಲಾದರೆ ಕಲಿಸುವವರ ಕಾಲಡಿಗೂ ಒಂದು ಬ್ರೇಕ್ ಇರುತ್ತದೆ. ಇದರಲ್ಲಿ ಬರೀ ಹಾಸು.

ಅಪ್ಪ ಗೇರು ಹಾಕಿದರು. ಕಾರು ಹೊರಟಿತು. ಉದ್ದಕ್ಕೆ ಎಳೆದ ಬಿಳಿ ಸುಣ್ಣದ ಗೆರೆಯ ಮೇಲೆ ಮೂಗು ಇಟ್ಟು ಸ್ವಲ್ಪ ವೇಗ ಏರಿಸಿದರು. ಆಮೇಲೆ ಎರಡೂ ಕೈಗಳನ್ನು ಸ್ಟೀರಿಂಗಿನಿಂದ ಮೇಲೆತ್ತಿದರು.

ದಿನಕ್ಕೆ ನೂರು ಸಲ ನಾನು ಹೇಳುವ ಮಾತು, ಕೈ ಬಿಡಬೇಡಿ, ಕೈ ಬಿಡಬೇಡಿ. ಅವತ್ತು ಬಾಯಿಂದ ಹೊರಡಲಿಲ್ಲ. ಅಪ್ಪನ ಕೈಗಳು ನನ್ನ ಮುಖದ ಪಕ್ಕದಲ್ಲೇ ಗಾಳಿಯಲ್ಲಿ ನಡುಗುತ್ತಿದ್ದವು. ಕಾರು ಗೆರೆ ಬಿಟ್ಟು ಒಂದು ಬೆರಳೂ ಸರಿಯಲಿಲ್ಲ.

"ಈಗ ಹೇಳು" ಎಂದರು ಅಪ್ಪ, ಎದುರಿಗೇ ನೋಡುತ್ತ. "ಕಾರಿಂದಾ, ಕೈಯದಾ?"

"ಕಾರಿಂದು ಅಪ್ಪ."

"ಹೂಂ" ಎಂದು ಕೈಗಳನ್ನು ಇಳಿಸಿ ಸ್ಟೀರಿಂಗ್ ಹಿಡಿದುಕೊಂಡರು. "ಅವತ್ತೂ ಇಷ್ಟೇ ಕಣೇ ಹೇಳ್ಬೇಕಾಗಿದ್ದಿದ್ದು."